ಹೊಸಬರ ಸಾಲಿನಲ್ಲಿ ನಿಂತದ್ದು

ಹುಲ್ಲಹಳ್ಳಿಯ ಔಷಧಾಲಯವೊಂದರಲ್ಲಿ ನಾನು ಕಾಂಪೌಂಡರನಾಗಿದ್ದೆ. ವೈದ್ಯರು ಚೀಟಿ ಬರೆಯುತ್ತಿದ್ದರು, ನಾನು ಪುಡಿ ಅರೆದು ಕಾಗದದ ಪೊಟ್ಟಣ ಕಟ್ಟುತ್ತಿದ್ದೆ. ತೊಂಬತ್ತರ ದಶಕದಲ್ಲಿ ಕಂಪನಿ ಮಾತ್ರೆಗಳು ಬಂದು ಪುಡಿಯ ಕಾಲ ಮುಗಿಯಿತು. ಮಡಿಚುವ ಚಟ ಮಾತ್ರ ಬೆರಳಲ್ಲಿ ಉಳಿಯಿತು. ಬಸ್ ಟಿಕೆಟ್ಟಾಗಲಿ, ಮದುವೆಯ ಕರೆಯೋಲೆಯಾಗಲಿ ನನ್ನ ಕೈಗೆ ಬಂದ ಮೇಲೆ ಚಪ್ಪಟೆಯಾಗಿ ಉಳಿದದ್ದಿಲ್ಲ.

ನಿವೃತ್ತಿಯ ನಂತರ ತಿಳಿಯಿತು, ನಂಜನಗೂಡಿನ ಶಾಲೆಯೊಂದರಲ್ಲಿ ವರ್ಷಕ್ಕೊಮ್ಮೆ ಒರಿಗಾಮಿ, ಅಂದರೆ ಕಾಗದ ಮಡಿಚಿ ಆಕೃತಿ ಮಾಡುವ ಸ್ಪರ್ಧೆ ನಡೆಯುತ್ತದೆಂದು. ಒಂದೇ ಚೌಕ ಕಾಗದ; ಕತ್ತರಿ, ಗೋಂದು ವರ್ಜ್ಯ; ವಿನ್ಯಾಸ ಸ್ವಂತದ್ದು. ಗೆದ್ದ ಕೃತಿಗಳು ಶಾಲೆಯ ಗಾಜಿನ ಬೀರುವಿನಲ್ಲಿ ಶಾಶ್ವತವಾಗಿ ವಿರಾಜಿಸತಕ್ಕದ್ದೆಂದು ನಿಯಮ.

ನನ್ನ ಬಳಿ ಒಂದು ಕೃತಿಯಿತ್ತು. ಟಿ. ನರಸೀಪುರದ ಮಾವನ ಮನೆಗೆ ಹೋದಾಗಲೆಲ್ಲ ಊಟ ಅರಗಿಸುವ ನೆಪದಲ್ಲಿ ಸೋಮನಾಥಪುರಕ್ಕೆ ಹೋಗುತ್ತಿದ್ದೆ. ಅಲ್ಲಿನ ಗುಡಿಯ ನಕ್ಷತ್ರದ ಆಕಾರವನ್ನು ಕಾಗದಕ್ಕಿಳಿಸಲು ವರ್ಷಗಟ್ಟಲೆ ಒದ್ದಾಡಿದ್ದೆ. ಆ ಬೀರುವಿನಲ್ಲಿ ಅದಕ್ಕೊಂದು ಜಾಗ ಸಿಕ್ಕರೆ ಈ ಜನ್ಮದ ಮಿಕ್ಕ ಅಹವಾಲುಗಳನ್ನೆಲ್ಲ ಹಿಂದಕ್ಕೆ ಪಡೆಯಲು ಸಿದ್ಧನಿದ್ದೆ.

ಎರಡು ವಿಭಾಗ: ಹೊಸಬರು, ಅನುಭವಿಗಳು. ಹೊಸಬರಿಗೆ ಮೂರು ಬಹುಮಾನ. ಅನುಭವಿಗಳಿಗೆ ಒಂದೇ, ಅದೂ ಮೈಸೂರಿನ ಮಹಾಶಯರೊಬ್ಬರ ಪಿತ್ರಾರ್ಜಿತವಿದ್ದಂತೆ. ಅವರ ಕಾಗದದ ಜೇಡಕ್ಕೆ ಎಂಟು ಕಾಲಷ್ಟೇ ಅಲ್ಲ, ಮಂಡಿಗಳೂ ಇದ್ದವು. ನಾನು ಹೊಸಬರ ಸಾಲಿನಲ್ಲಿ ನಿಂತೆ.

ಹೆಸರು ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ ಹುಲ್ಲಹಳ್ಳಿಯವನೇ. ಚಿಕ್ಕಂದಿನಲ್ಲಿ ನನ್ನ ಪುಡಿ ನುಂಗಿಯೂ ಬದುಕಿದವನು.

"ಇದೇನ್ ಸಾ, ನೀವು ಈ ಸಾಲ್ನಲ್ಲಿ?"

"ಇದೇ ಮೊದಲ ಸ್ಪರ್ಧೆ ಕಣಪ್ಪಾ."

"ಜೀವ್ಮಾನೆಲ್ಲ ಪೊಟ್ಣ ಕಟ್ಟಿಲ್ವಾ ಸಾ? ಅದೂ ಕಾಗ್ದ ಮಡ್ಚೋದೇ ತಾನೆ?"

"ಪೊಟ್ಟಣ ಬೇರೆ, ಒರಿಗಾಮಿ ಬೇರೆ."

ಹಿಂದೆ ಮಗಳ ಕೈ ಹಿಡಿದು ನಿಂತಿದ್ದವರೊಬ್ಬರು, "ಮಕ್ಳ ಜೊತೆ ಓಡಿ ಗೆಲ್ಲಕ್ಕೆ ಬಂದವ್ರೆ ಕಣ್ರೀ ಯಜಮಾನ್ರು!" ಎಂದರು.

"ಆಯ್ತು, ನ್ಯಾಯ್ವಾಗೇ ನೋಡ್ಬುಡವ," ಎಂದ ಕಾರ್ಯದರ್ಶಿ. "ತಗಳಿ ಕಾಗ್ದ. ಏನಾದ್ರೂ ಮಡ್ಚಿ ಸಾ."

ತಡವರಿಸಬೇಕೆಂದು ಸಂಕಲ್ಪ ಮಾಡಿದೆ. ಕಾಗದವನ್ನು ಹೊಸಬನಂತೆ ಮಿಕಿಮಿಕಿ ನೋಡಿದೆ ಕೂಡ. ಆದರೆ ಬೆರಳುಗಳು ನನ್ನ ಅಪ್ಪಣೆಗೆ ಕಾಯಲಿಲ್ಲ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಮೇಜಿನ ಮೇಲೆ ಪೊಟ್ಟಣವೊಂದು ಕುಳಿತಿತ್ತು, ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳುವಂತೆ.

ಇಡೀ ಸಾಲು ಚಪ್ಪಾಳೆ ತಟ್ಟಿತು. ನನ್ನನ್ನು ಸಗೌರವವಾಗಿ ಅನುಭವಿಗಳ ಬೆಂಚಿಗೆ ಕಳುಹಿಸಲಾಯಿತು.

ಜೇಡ ಗೆದ್ದಿತು. ತೀರ್ಪುಗಾರರು ನನ್ನ ನಕ್ಷತ್ರವನ್ನು ಒಮ್ಮೆ ತಿರುಗಿಸಿ ನೋಡಿ, "ಅನುಭವಕ್ಕೆ ತಕ್ಕಂತಿಲ್ಲ" ಎಂದರು. ಹೊಸಬರಲ್ಲಿ ಮೊದಲ ಬಹುಮಾನ ಒಂದು ಕಪ್ಪೆಗೆ ಬಂತು. ಅದು ಕಪ್ಪೆಯೆಂದು ಪಕ್ಕದಲ್ಲಿ ಬರೆದಿಟ್ಟಿದ್ದರು.

ಹೊರಟಾಗ ಕಾರ್ಯದರ್ಶಿ ಹಿಂದಿನಿಂದ ಕೂಗಿದ. ಪುನರ್ವಿಮರ್ಶೆಯೇನೋ ಎಂದು ನಿಂತೆ.

"ಸಾ, ಬೀರೂಗೆ ಉಳ ಬೀಳ್ತದೆ. ನುಸಿಗುಳ್ಗೆ ಪುಡಿ ಮಾಡಿವ್ನಿ, ಒಂದೆಲ್ಡು ಪೊಟ್ಣ ಕಟ್ಕೊಡಿ. ನಿಮ್ ಕೈ ಯಾರ್ಗೂ ಬರಕಿಲ್ಲ."

ಕಟ್ಟಿಕೊಟ್ಟೆ. ಜೇಡದ ಪಕ್ಕ ಒಂದು, ಕಪ್ಪೆಯ ಪಕ್ಕ ಒಂದು ಇಟ್ಟು, ಗಾಜಿನ ಬಾಗಿಲಿಗೆ ಬೀಗ ಹಾಕಿದ.

ನಕ್ಷತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಸಂತೆಯಿಂದ ಹಿಂದಿರುಗುವ ಜನ ಕಿಕ್ಕಿರಿದಿದ್ದರು. ಹುಲ್ಲಹಳ್ಳಿ ಬರುವಷ್ಟರಲ್ಲಿ ಅದು ಚಪ್ಪಟೆಯಾಗಿತ್ತು.