ಅವ್ವನಿಗೆ ಕನ್ನಡದಲ್ಲಿ ತೋರಿಸಿದ ದೆವ್ವದ ಸಿನಿಮಾ

ಗಿರೀಶ, ಅವ್ವ ನಿನ್ನ ಪಕ್ಕ ಕೂತು ಸಿನಿಮಾ ನೋಡುವುದನ್ನು ಬಿಟ್ಟದ್ದು ಕಣ್ಣಿನ ತೊಂದರೆಯಿಂದಲ್ಲ. ನಾನು ಬಿಡಿಸಿದೆ. ನೀನು ನಿನ್ನ ಗೆಳೆಯರ ಮುಂದೆ ಅವಳನ್ನು ಆಡಿಕೊಂಡು ನಗುತ್ತೀ ಎಂದು ಸುಳ್ಳು ಹೇಳಿ ಬಿಡಿಸಿದೆ. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೆ ಸಂಶಯವಿಲ್ಲ.

ಉಳಿದದ್ದರಲ್ಲಿ ಇದೆ. ನನ್ನ ಸ್ವಭಾವ ನಿನಗೆ ಗೊತ್ತು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸುತ್ತ, ಯಾರು ಏನು ಹೇಳಿದರೂ ‘ಇದಕ್ಕೆ ಆಧಾರವೇನು’ ಎಂದು ಕೇಳುವುದು ಚಟವಾಗಿಬಿಟ್ಟಿದೆ. ಇತ್ತೀಚೆಗೆ ಅದೇ ಪ್ರಶ್ನೆಯನ್ನು ನನ್ನ ನೆನಪಿಗೂ ಕೇಳುತ್ತಿದ್ದೇನೆ. ಅದು ತಡವರಿಸುತ್ತದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಎಲ್ಲಿ ನನಗೆ ಅನುಕೂಲವಾಗುವ ಹಾಗೆ ತಿರುಚಿದ್ದೇನೆ ಅನ್ನಿಸುತ್ತದೋ ಅಲ್ಲಿ ನೀನೇ ತಿದ್ದಿಕೋ.

ಹಬ್ಬದ ರಜೆಯಲ್ಲಿ ಮನೆಯಲ್ಲಿ ಸಿನಿಮಾ ನೋಡುವ ಪದ್ಧತಿ ಹಾಕಿದ್ದು ನಾನು. ಇಷ್ಟನ್ನಾದರೂ ನನಗೆ ಬಿಟ್ಟುಕೊಡು. ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದಿಂದ ಮರಾಠಿ ಸೀಮೆಯ ಕೋಥರೂಡಿನ ನಮ್ಮ ಫ್ಲ್ಯಾಟಿಗೆ ಬಂದಳಲ್ಲ—ಆ ವರ್ಷದ ದೀಪಾವಳಿ. ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಸ್ನಾನ ಆಯಿತು, ಚಕ್ಕಲಿ-ಲಾಡುಗಳ ಫರಾಳ ತಿಂದಾಯಿತು, ಆಮೇಲೆ ಇಡೀ ಮಧ್ಯಾಹ್ನ ಖಾಲಿ. ಸೊಸೈಟಿಯ ಹೆಂಗಸರು ಬಂದು ಮಾತಾಡಿಸಿದರು. ಅವ್ವ ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿಯಲ್ಲಿ ನಾಲ್ಕು ಮಾತಾಡಿ ಕಳಿಸಿದಳು. ಬೇಸರ ಕಳೆಯಲಿ ಎಂದು ಟಿ.ವಿ. ಹಚ್ಚಿ, ಏನು ನೋಡುತ್ತೀ ಎಂದು ಕೇಳಿದೆ. ದೇವರ ಸಿನಿಮಾ ಕೇಳುತ್ತಾಳೆ ಅಂದುಕೊಂಡಿದ್ದೆ.

“ದೇವರನ್ನ ಮುಂಜಾನೆನ ನೋಡೇನಿ,” ಅಂದಳು. “ಒಂದು ದೆವ್ವದ್ದು ಹಚ್ಚು. ಆಮ್ಯಾಲೆ ಒಂದು ಹೊಡದಾಟದ್ದು.”

ಅಲ್ಲಿಂದ ಅದೇ ಕ್ರಮವಾಯಿತು. ಗಣಪತಿ ಹಬ್ಬ, ದಸರೆ, ದೀಪಾವಳಿ—ಊಟವಾದ ಮೇಲೆ ಪರದೆ ಎಳೆದು, ಮೊದಲು ದೆವ್ವ, ನಂತರ ಹೊಡೆದಾಟ. ಹೆಚ್ಚಾಗಿ ಹೊರದೇಶದವು. ನಮ್ಮ ದೇಶದ ದೆವ್ವಗಳು ಹಾಡುತ್ತ ಹೊತ್ತು ಕಳೆಯುತ್ತವೆ ಎಂಬುದು ಅವ್ವನ ತಕರಾರು. ನಾನು ಪಕ್ಕ ಕೂತು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ, ತಪ್ಪಿಲ್ಲದಂತೆ ಅರ್ಥ ಹೇಳುತ್ತಿದ್ದೆ. ಇವನು ಮನೆಯ ಹಳೆಯ ಮಾಲೀಕನ ಬಗ್ಗೆ ವಿಚಾರಿಸುತ್ತಿದ್ದಾನೆ. ಇದು ಅವಳ ಭ್ರಮೆಯೂ ಇರಬಹುದು, ಇನ್ನೂ ಸ್ಪಷ್ಟವಿಲ್ಲ. ಅವ್ವ ಹೂಂ, ಹೂಂ ಅನ್ನುತ್ತಿದ್ದಳು. ಅವಳು ಮೈಮರೆತು ನೋಡುತ್ತಿದ್ದಳು ಎಂದು ನನ್ನ ನೆನಪು. ಅರ್ಧಕ್ಕೇ ತೂಕಡಿಸುತ್ತಿದ್ದರು ಎಂದು ನಿನ್ನ ಅತ್ತಿಗೆ ಶೈಲಾ ಹೇಳುತ್ತಾಳೆ.

ಆಮೇಲೆ ನಿನಗೆ ರಾಂಜಣಗಾಂವದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ರಜೆ ಬಿದ್ದಾಗೆಲ್ಲ ಬೈಕ್ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದೆ. ಒಂದು ದಸರೆಗೆ, ದೆವ್ವದ ಸಿನಿಮಾದ ನಡುವೆ, ನನಗೆ ಕಾಲೇಜಿನಿಂದ ಫೋನು ಬಂತು. ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ನೀನು ನನ್ನ ಜಾಗದಲ್ಲಿ ಕೂತಿದ್ದೆ. ತೆರೆಯ ಮೇಲೆ, ಮೆಟ್ಟಿಲ ಕೊನೆಗೆ, ಬಿಳಿ ಅಂಗಿಯ ಹೆಂಗಸೊಬ್ಬಳು ಕೂದಲು ಕೆದರಿಕೊಂಡು ನಿಂತಿದ್ದಳು.

“ಇಕಿ ಯಾರೋ?” ಅವ್ವ ಕೇಳಿದಳು.

“ಈ ಮನೀ ಹಿರೇ ಸೊಸಿ, ಅವ್ವಾ. ಅತ್ತಿ ಕೈಯಾಗ ಭಾಳ ಅನುಭವಿಸ್ಯಾಳ. ಒಂದಿನಾನೂ ಹೊಟ್ಟಿ ತುಂಬ ಹಾಕಿಲ್ಲ ಆಕಿಗೆ. ಅದಕ್ಕ ಸತ್ತರೂ ಮನಿ ಬಿಟ್ಟು ಹೋಗವಲ್ಲಳು.”

“ಪಾಪ. ಮತ್ತ ಆ ಗಂಡಸು?”

“ಗಂಡ. ತಾಯಿ ಮುಂದ ಬಾಯೇ ಬಿಡಂಗಿಲ್ಲ. ನಮ್ಮ ಪ್ರೊಫೆಸರ್ ಸಾಹೇಬ್ರ ಪೂರಾ ಉಲ್ಟಾ!”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಸಿನಿಮಾದಲ್ಲಿ ಅತ್ತೆ ಇರಲಿಲ್ಲ, ಸೊಸೆ ಇರಲಿಲ್ಲ. ಅದೊಂದು ಬಾಡಿಗೆ ಮನೆ. ಸತ್ತವಳು ಅಲ್ಲಿ ಉಳಿದುಕೊಂಡಿದ್ದ ಒಬ್ಬ ನರ್ಸ್. ಗಂಡಸು ತನಿಖೆಗೆ ಬಂದ ಪೊಲೀಸ್. ನಾನು ಬಾಯಿ ತೆರೆದೆ. ಅವ್ವ ಕೈ ಎತ್ತಿ ಸುಮ್ಮನಿರಿಸಿದಳು—ನನ್ನ ಕಡೆ ನೋಡದೆಯೇ.

ಆಮೇಲಿನ ಹೊಡೆದಾಟದ ಸಿನಿಮಾದಲ್ಲೂ ಅಷ್ಟೇ. ಲೂಟಿಯ ಪಾಲಿಗಾಗಿ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವವನನ್ನು ನೀನು, ಕಟ್ಟಿಹಾಕಿದ ತಮ್ಮನನ್ನು ಬಿಡಿಸಿಕೊಂಡು ಬರಲು ಹೊರಟ ಅಣ್ಣನನ್ನಾಗಿ ಮಾಡಿದೆ. ಅವನಿಗೆ ಗುಂಡು ತಗುಲಿದಾಗ ಅವ್ವ ಅಯ್ಯೋ ಅಂದಳು. “ಭುಜಕ್ಕ ಬಡದದ ಅಷ್ಟ. ಜೀವಕ್ಕೇನಿಲ್ಲ,” ಅಂದೆ ನೀನು. “ಯಾರರೆ ಹಾಲಿಗೆ ಅರಿಷಿಣಾ ಹಾಕಿ ಕುಡಸ್ರಲೇ ಅವಗ,” ಎಂದು ಅವ್ವ ತೆರೆಯ ಮೇಲಿನ ಗೂಂಡಾಗಳಿಗೆ ಕೂಗಿ ಹೇಳಿದಳು.

ಇದು ನಗೆಯಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆಗುತ್ತಿದ್ದೆನೇ? ಗೊತ್ತಿಲ್ಲ. ಆದರೆ ಮುಂದಿನ ಹಬ್ಬಗಳಲ್ಲಿ ಅವ್ವ ನಿನ್ನ ಕಥೆಗೆ ತನ್ನದನ್ನು ಸೇರಿಸತೊಡಗಿದಳು. “ನಮ್ಮ ಅತ್ತಿನೂ ಹಿಂಗ, ಗಿರ್ಯಾ. ಅಕ್ಕಿ ಡಬ್ಬಿಗೆ ಕೀಲಿ ಹಾಕತಿದ್ದಳು. ನಿಮ್ಮಣ್ಣ ಹೊಟ್ಟ್ಯಾಗಿದ್ದಾಗ ನಾ ಬಚ್ಚಲದಾಗ ನಿಂತು ತಂಗಳ ರೊಟ್ಟಿ ತಿಂದೇನಿ, ಕದ್ದು.” ನೀನು ಸಿನಿಮಾದ ಶಬ್ದವನ್ನು ಸ್ವಲ್ಪ ಕಡಿಮೆ ಮಾಡಿದೆ. ನಾನು ಬಾಗಿಲ ಹಿಂದೆ, ಕೈಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ.

ಯೋಚಿಸಿ ನೋಡು. ಆ ಹೊಟ್ಟೆಯಲ್ಲಿದ್ದವನು ನಾನು. ಅವಳ ಬಿ.ಪಿ. ಮಾತ್ರೆ ತಂದಿಡುವವನು ನಾನು, ಯಾವ ಮೊಣಕಾಲು ಯಾವ ಚಳಿಗೆ ನೋಯುತ್ತದೆ ಎಂದು ಬಲ್ಲವನು ನಾನು, ಕಣ್ಣಿನ ಡಾಕ್ಟರ ಬಳಿ ಅವಳ ಕೈ ಹಿಡಿದು ಕಾಯುವವನು ನಾನು. ನನಗೆ ಅವಳು ಆ ರೊಟ್ಟಿಯ ವಿಷಯ ಹೇಳಿರಲಿಲ್ಲ. ರಜೆಗೆ ಬಂದು ಚಕ್ಕಲಿ ತಿಂದು ಹೋಗುವ ನಿನಗೆ ಹೇಳಿದಳು—ಒಂದು ಸುಳ್ಳು ದೆವ್ವದ ನೆಪದಲ್ಲಿ. ನನಗೆ ಹೊಟ್ಟೆಕಿಚ್ಚಾಯಿತು. ಈ ಶಬ್ದವನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಆಗ ನಾನು ಅದನ್ನು ಸತ್ಯದ ಮೇಲಿನ ಕಾಳಜಿ ಎಂದು ಕರೆದುಕೊಂಡೆ. ಪಾಪ, ಅನಕ್ಷರಸ್ಥ ಹೆಂಗಸಿಗೆ ಇವನು ಏನೇನೋ ಹೇಳುತ್ತಿದ್ದಾನೆ—ಹೀಗೆ. ಅವ್ವ ಏಳನೆಯ ಇಯತ್ತೆಯವರೆಗೆ ಓದಿದವಳು. ನನ್ನ ವಾದಕ್ಕೆ ಬೇಕಾಗಿ ಅವಳನ್ನು ಮನಸ್ಸಿನಲ್ಲೇ ಅನಕ್ಷರಸ್ಥಳನ್ನಾಗಿ ಮಾಡಿದ್ದೆ.

ಮುಂದಿನ ವರ್ಷದ ದೀಪಾವಳಿಗೆ ನೀನು ಹಬ್ಬದ ದಿನ ಬರುವವನಿದ್ದೆ. ಹಿಂದಿನ ದಿನ ಮಧ್ಯಾಹ್ನ ನಾನು ಅದೇ ಬಿಳಿ ಅಂಗಿಯವಳ ಸಿನಿಮಾ ಹುಡುಕಿ ತೆಗೆದೆ. ಈಗ ಅದಕ್ಕೆ ಕನ್ನಡದ ಮಾತು ಸೇರಿಸಿದ್ದರು. “ಅವ್ವಾ, ನೀ ಮೆಚ್ಚಿದ ಸಿನಿಮಾ ಕನ್ನಡದಾಗ ಬಂದದ, ಬಾ,” ಎಂದು ಕರೆದು ಕೂರಿಸಿದೆ. ಬೆಂಗಳೂರಿನ ಕನ್ನಡ ಮಾತಾಡುತ್ತ ಪೊಲೀಸಪ್ಪ ಬಂದ, ನರ್ಸ್ ಸತ್ತಳು, ಬಾಡಿಗೆ ಮನೆಯ ಬಾಗಿಲುಗಳು ತಾವಾಗಿ ಮುಚ್ಚಿಕೊಂಡವು. ಅವ್ವ ಕೊನೆಯವರೆಗೂ ನೋಡಿದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದೆ.

“ನೋಡಿದ್ಯಾ? ಎಲ್ಲಿದ್ದಾಳ ಅತ್ತಿ? ಎಲ್ಲಿದ್ದಾಳ ಸೊಸಿ?”

“ಇಲ್ಲ ಬಿಡು,” ಅಂದಳು ಅವ್ವ, ಶಾಂತವಾಗಿ. “ಆಕಿಗೆ ಕುಂಕುಮಿಲ್ಲ, ಬಳಿ ಇಲ್ಲ, ಎಲ್ಲೀ ಸೊಸಿ? ಗಿರ್ಯಾ ಕಟ್ಟಿ ಹೇಳತಾನ ಅಂತ ನನಗ ತಿಳಿಯಂಗಿಲ್ಲೇನು? ಅವನ ಕಥಿನ ಚಲೋ ಇತ್ತು.”

ನಾನು ಕೂಡಿಟ್ಟುಕೊಂಡಿದ್ದ ಸತ್ಯವೆಲ್ಲ ಹೇಳಿ ಮುಗಿದಿತ್ತು, ಗಿರೀಶ, ಅವಳ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಆಗ ಹೇಳಿದೆ—

“ಚಲೋ ಕಥಿ! ಹೊರಗ ಹೋಗಿ ದೋಸ್ತರ ಮುಂದ ನಿನ್ನ ಚಾಷ್ಟಿ ಮಾಡಿ ನಗತಾನ ಅವಾ.”

ಬಹಳ ವರ್ಷ ನನ್ನ ನೆನಪು ಈ ಮಾತನ್ನು ‘ನಗತಿರಬೇಕು’ ಎಂದು ಇಟ್ಟುಕೊಂಡಿತ್ತು. ಅದೊಂದು ಊಹೆ, ಊಹೆಯಲ್ಲಿ ಪಾಪ ಕಡಿಮೆ. ಈಚೆಗೆ ಶೈಲಾಳನ್ನು ಕೇಳಿದೆ. ಅವಳು ಅಂದು ಅಡುಗೆಮನೆಯಲ್ಲಿ ಕರಂಜಿ ಕರಿಯುತ್ತಿದ್ದಳು. “ನಗತಾನ ಅಂದ್ರಿ,” ಅಂದಳು. “ಸ್ಪಷ್ಟ ಕೇಳೇನಿ. ನನ್ನ ಕೈಯಾಗಿನ ಕರಿಯೋ ಝಾರಿ ಹಂಗ ನಿಂತಿತ್ತು.” ಮತ್ತೆ ಯಾಕೆ ಆಗಲೇ ಹೊರಗೆ ಬಂದು ಅಲ್ಲಗಳೆಯಲಿಲ್ಲ ಎಂದು ಕೇಳಿದೆ. “ನಾ ಯಾಕ್ರೀ? ನೀವ ಒಂದು ತಾಸಿನ್ಯಾಗ ಹೇಳತೀರಿ ಅಂತ ಕಾದೆ,” ಅಂದಳು.

ಆದರೆ ಆ ಮಾತಿಗಿಂತ ನಂತರದ್ದು ಕೆಟ್ಟದ್ದು. ಅವ್ವ ಬಹಳ ಸಣ್ಣ ದನಿಯಲ್ಲಿ ಕೇಳಿದಳು: “ನಾ ಹೇಳಿದ್ದೂ ಹೇಳ್ಯಾನೇನು ಅವರ ಮುಂದ?”

ಬಚ್ಚಲಿನ ರೊಟ್ಟಿ. ಕೀಲಿ ಹಾಕಿದ ಡಬ್ಬಿ. ಇನ್ನೂ ಏನೇನು ನಿನಗೆ ಹೇಳಿದ್ದಳೋ—ನನಗೆ ತಿಳಿಯದ್ದು. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು ರಿಮೋಟ್ ತೆಗೆದುಕೊಂಡು ಟಿ.ವಿ. ಆರಿಸಿದೆ. ಅವಳು ನನ್ನ ಸುಮ್ಮನಿರುವಿಕೆಯನ್ನೇ ಉತ್ತರವೆಂದು ತೆಗೆದುಕೊಂಡು ಒಳಗೆ ಹೋದಳು.

ಮರುದಿನದ್ದು ನಿನಗೆ ನೆನಪಿರಬೇಕು. ಊಟವಾಗಿ ನೀನು ಪರದೆ ಎಳೆದು, “ಬಾರವ್ವಾ, ಇವತ್ತಿನ ದೆವ್ವಕ್ಕ ಮೂರು ಮಂದಿ ನಾದಿನೇರು,” ಎಂದು ಕರೆದೆ. “ಕಣ್ಣು ಉರೀತಾವಪಾ. ನೀವಿಬ್ಬರ ನೋಡ್ರಿ,” ಎಂದು ಅವ್ವ ಅಡುಗೆಮನೆಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಳು. ನೀನು ಅಲ್ಲಿಗೂ ಹೋಗಿ ಏನೋ ತಮಾಷೆ ಮಾಡಿದೆ. ಅವಳು ನಗಲಿಲ್ಲ. ಸಂಜೆಯ ತನಕ ಇರುವವನು ನೀನು, ಅಂದು ಚಹಾಕ್ಕೂ ನಿಲ್ಲದೆ ಹೊರಟೆ. ಆಮೇಲಿನ ಹಬ್ಬಗಳಲ್ಲಿ ಊಟಕ್ಕೆ ಬಂದೆ, ಊಟ ಮಾಡಿ ಹೋದೆ. ಮದುವೆಯಾದ ಮೇಲೆ ಅದೂ ಕಡಿಮೆಯಾಯಿತು.

ಒಮ್ಮೆ ಲಿಫ್ಟಿನ ಹತ್ತಿರ ನಿಂತು ನೀನು ಕೇಳಿದೆ, “ಅಣ್ಣಾ, ಅವ್ವಗ ನನ್ನ ಮ್ಯಾಲೆ ಸಿಟ್ಟದ ಏನು? ನಾ ಏನರೆ ತಪ್ಪು ಮಾಡೀನೇನು?” ನಾನು ನಿನ್ನ ಬೆನ್ನು ತಟ್ಟಿ, “ವಯಸ್ಸಾತಲ್ಲೋ,” ಅಂದೆ. ಸುಳ್ಳುಗಳಲ್ಲಿ ಇದು ಎರಡನೆಯದು. ಬೆನ್ನು ತಟ್ಟಿದ್ದನ್ನು ಸೇರಿಸಿದರೆ ಮೂರು.

ನಾನು ಗಳಿಸಿದ್ದೇನು ಎಂದು ಕೇಳುತ್ತೀಯಾ? ಆ ವರ್ಷದ ನಂತರ ಒಂದು ಗಣಪತಿ ಹಬ್ಬದಲ್ಲಿ ಅವ್ವ ನನ್ನ ಪಕ್ಕ ಕೂತಳು. ದೆವ್ವದ್ದೇ ಹಚ್ಚಿದೆ. ನಾನೂ ಕಥೆ ಕಟ್ಟಲು ನೋಡಿದೆ: ಇವಳಿಗೊಬ್ಬ ಸವತಿ ಇದ್ದಳು, ಎಂದೇನೋ. ಅವ್ವ ನನ್ನ ಮುಖ ನೋಡಿ, “ನೀ ಇದ್ದದ್ದಿದ್ದಂಗ ಹೇಳಪಾ. ನಿನಗ ಬರಂಗಿಲ್ಲ,” ಅಂದಳು. ಬಯ್ದದ್ದಲ್ಲ ಅದು. ಕರುಣೆ.

ಈಗ ಈ ವರ್ಷ. ದೀಪಾವಳಿಗೆ ಬರಲು ಆಗುವುದಿಲ್ಲ, ಕಂಪನಿಯಲ್ಲಿ ರಾತ್ರಿ ಪಾಳಿಯ ಕೆಲಸವಿದೆ ಎಂದು ನೀನು ಫೋನು ಮಾಡಿದೆ. ನಾನು ಅವ್ವನಿಗೆ ತಿಳಿಸಿದೆ. “ಹೌದಾ,” ಅಂದಳು ಅಷ್ಟೇ. ಮರುದಿನ ಮಧ್ಯಾಹ್ನ ನಾನು ಕಾಲೇಜಿನಿಂದ ಬೇಗ ಬಂದು ಬೀಗ ತೆಗೆದರೆ, ಪರದೆ ಎಳೆದಿತ್ತು. ಯಾವುದೋ ಚಾನೆಲಿನಲ್ಲಿ ಯಾವುದೋ ಹೊಡೆದಾಟ ನಡೆದಿತ್ತು. ಶಬ್ದವನ್ನು ಪೂರ್ತಿ ತೆಗೆದಿದ್ದಳು. ಅವ್ವ ಒಬ್ಬಳೇ ಕೂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು—“ಇವಾ ತಮ್ಮ. ದೂರ ಅದಾನ. ಬರತಾನ, ಬರತಾನ, ಹಾದ್ಯಾಗ ಇದ್ದಾನ.”

ಅಲ್ಲೇ, ಚಪ್ಪಲಿ ಕಳಚದೆ, ಹೇಳಿಬಿಟ್ಟೆ. ಅವನು ನಗುತ್ತಿರಲಿಲ್ಲವ್ವಾ, ಯಾರ ಮುಂದೆಯೂ ಏನೂ ಹೇಳಿಲ್ಲ, ನಾನು ಸುಳ್ಳು ಹೇಳಿದೆ ಎಂದು.

ಅವಳು ಮೊದಲು ತೆರೆಯ ಕಡೆಗೇ ನೋಡುತ್ತಿದ್ದಳು. “ಅವಾ ನಗಲಿಲ್ಲ?” ಎಂದು ಕೇಳಿದಳು. ಇಲ್ಲ ಅಂದೆ. “ನಗಲೇ ಇಲ್ಲ?” ಮತ್ತೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆ, ಅಳುತ್ತಾಳೆ, ಯಾಕೆ ಮಾಡಿದೆ ಅನ್ನುತ್ತಾಳೆ—ಯಾಕೆ ಎಂದು ಕೇಳಿದ್ದರೆ ಹೇಳಲು ನನ್ನ ಬಳಿ ಎಷ್ಟೊಂದಿತ್ತು! ಅವಳು ಕೇಳಲಿಲ್ಲ.

“ಇಷ್ಟು ವರ್ಷ ನಾ ಆ ಹುಡುಗನ ಮಾರಿ ಸಮ ನೋಡಲಿಲ್ಲೋ,” ಅಂದಳು. ಹಾಗೇ ಮುಂದುವರಿಸಿದಳು: “ಅವಗ ಬರಾಕ ಆಗಂಗಿಲ್ಲಂದ್ರ ಹಬ್ಬಕ್ಕ ನಾನ ಹೋಗತೀನಿ. ನೀ ಗಾಡಿ ತೆಗೀ. ಆದರ ಅದಕ್ಕಿಂತ ಮೊದಲ ನೀ ಅವಗ ಹೇಳಬೇಕು. ನಾ ಹೇಳಂಗಿಲ್ಲ. ಸಣ್ಣದು ಮಾಡಿ ಹೇಳಬ್ಯಾಡ ಮತ್ತ.”

ಸಣ್ಣದು ಮಾಡಿಲ್ಲ ಅಂದುಕೊಂಡಿದ್ದೇನೆ. ಓದಿ ನೋಡು.

ಹಬ್ಬದ ದಿನ ಊಟದ ಹೊತ್ತಿಗೆ ಅವ್ವನನ್ನು ನಿನ್ನ ಬಾಗಿಲಿಗೆ ತಂದು ಬಿಡುತ್ತೇನೆ. ಕ್ಷಮಿಸು ಎಂದು ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಒಳಗೂ ಬರುವುದಿಲ್ಲ. ನೀವಿಬ್ಬರೂ ಪರದೆ ಎಳೆದುಕೊಳ್ಳಿ; ನಾನು ಕೆಳಗೆ ಗಾಡಿಯಲ್ಲಿ ಕೂತಿರುತ್ತೇನೆ, ಎಷ್ಟು ಹೊತ್ತಾದರೂ. ನಿನ್ನ ಮನೆ ಮೊದಲ ಮಹಡಿ. ಕಿಟಕಿ ತೆರೆದಿದ್ದರೆ ಅವ್ವನ ನಗು ಕೆಳಗೆ ಕೇಳಿಸಬಹುದು. ಕೇಳಿಸಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ—ಈಗಲೇ ಆಗುತ್ತಿದೆ. ಆಗಲಿ. ನೀನು ಕಿಟಕಿ ಮುಚ್ಚಬೇಡ.