ಪಾಲಿಗೆ ಬಂದ ಶೌಚಾಲಯ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಊರಿನವರೆಲ್ಲ ‘ಸದ್ಯ, ನಮ್ಮದಲ್ಲ’ ಅಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ಬಸ್ಸು ಹಾಸನಕ್ಕೆ, ಇನ್ನೊಂದು ಹೊಳೆನರಸೀಪುರಕ್ಕೆ, ಮತ್ತೊಂದು ಚನ್ನರಾಯಪಟ್ಟಣಕ್ಕೆ ಹೊರಟಿರುತ್ತದೆ. ಅಂಥ ಊರು ಅಂದುಕೊಳ್ಳಿ, ಸಾಕು. ಆ ಊರಿನ ಪುರಸಭೆಗೆ ನಾನು ಒಂದು ಅವಧಿ ಸದಸ್ಯೆಯಾಗಿದ್ದೆ.

ನಾನಾಗಿ ಆಸೆಪಟ್ಟು ಹೋದದ್ದಲ್ಲ. ನಮ್ಮ ವಾರ್ಡು ಮಹಿಳಾ ಮೀಸಲು ಆಯಿತು. ಮನೆಗೆ ಬಂದವರು ನನ್ನನ್ನು ಕೇಳಲೂ ಇಲ್ಲ, ನನ್ನ ಗಂಡನನ್ನು ಕೇಳಿದರು. “ಅಮ್ಮಾವ್ರು ಸೈನ್ ಹಾಕ್ಲಿ ಸಾ, ಮಿಕ್ಕಿದ್ದು ನೀವು ನೋಡ್ಕಳಿ” ಅಂದರು. ನಾನು ಅಲ್ಲೇ ಅವರಿಗೆ ಕಾಫಿ ಕೊಡುತ್ತ ನಿಂತಿದ್ದೆ. ಗೆದ್ದ ಮೇಲೆ ಮೊದಲ ಸಭೆಯ ದಿನ ನೋಡುತ್ತೇನೆ, ನಮ್ಮ ಯಜಮಾನರು ಬಿಳಿ ಷರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ತಯಾರಾಗಿದ್ದಾರೆ. “ನೀವು ಹೋಗಿ ಅಂಗಡಿ ಬಾಗಿಲು ತೆಗೀರಿ, ಮೀಟಿಂಗಿಗೆ ನಾನು ಹೋಗ್ತೀನಿ” ಅಂದೆ. ಪಾಪ, ಅವರಿಗೂ ಒಳಗೊಳಗೇ ಹಗುರವಾಯಿತು ಅಂತ ಕಾಣುತ್ತದೆ, ಹೊರಟುಹೋದರು.

ಅಂಗಡಿ ಅಂದರೆ ಬ್ಲೌಸ್ ಪೀಸು, ಫಾಲ್ಸು, ದಾರ, ಗುಂಡಿ ಮಾರುವ ಸಣ್ಣ ಅಂಗಡಿ. ಸಂತೆ ಮೈದಾನದ ಎದುರಿಗಿದೆ. ಮೈದಾನದ ಅಂಚಿನಲ್ಲಿ ದಿನವೂ ಇಪ್ಪತ್ತು ಮೂವತ್ತು ಜನ ಹೆಂಗಸರು ಸಾಲಾಗಿ ಕೂತು ಸೊಪ್ಪು, ಬದನೆಕಾಯಿ, ಹೂವು, ನಿಂಬೆಹಣ್ಣು ಮಾರುತ್ತಾರೆ. ಎಲ್ಲರೂ ಸುತ್ತಲ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೆ ಬರುವವರು. ನಮ್ಮ ಅಂಗಡಿಗೆ ನೇರ ಎದುರಿಗೆ ಕೂರುತ್ತಿದ್ದವಳನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವಳೂ ನನ್ನನ್ನು ಅಕ್ಕ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅವಳ ಹೆಸರು ಸೊಪ್ಪಿನಕ್ಕ. ದಂಟು, ಸಬ್ಬಸಿಗೆ, ಕೊತ್ತಂಬರಿ ಅವಳ ವ್ಯಾಪಾರ.

ಬಿಸಿಲುಗಾಲದ ಒಂದು ಮಧ್ಯಾಹ್ನ ಅವಳಿಗೆ ಒಂದು ಬಾಟಲಿ ನೀರು ಕೊಡಲು ಹೋದೆ. ಬೇಡ ಅಂದಳು. ಬಲವಂತ ಮಾಡಿದೆ. ಆಗ ಬಾಯಿಬಿಟ್ಟಳು.

“ಕುಡುದ್ರೆ ಎಲ್ಲಿಗೋಗ್ಲಿ ಅಕ್ಕ? ಗಂಡುಸ್ರು ಅಂಗೇ ಗ್ವಾಡೆ ಮಗ್ಗುಲಿಗೆ ನಿಂತ್ಕತಾರೆ. ನಾವೇನ್ ಮಾಡನ? ಬೆಳಗ್ಗೆ ಮನೇಲಿ ಒಂದು ಲೋಟ ಕಾಪಿ ಕುಡುದ್ರೆ, ಮತ್ತೆ ಊರಿಗೋದ್ ಮ್ಯಾಲೇ ನೀರು.”

ಅಷ್ಟು ವರ್ಷ ಎದುರುಬದುರು ಕೂತಿದ್ದೆವು. ನಾನು ಒಂದು ಸಲವೂ ಯೋಚಿಸಿರಲಿಲ್ಲ. ನಮ್ಮ ಅಂಗಡಿಯ ಹಿಂದೆಯೂ ಬಚ್ಚಲಿಲ್ಲ. ನಾನು ದಿನಕ್ಕೆ ಎರಡು ಸಲ ಮನೆಗೆ ಹೋಗಿ ಬರುತ್ತಿದ್ದೆ. ‘ಅವಳನ್ನೂ ನಿಮ್ಮ ಮನೆಗೆ ಕರೆದುಕೊಂಡು ಹೋಗಬಹುದಿತ್ತಲ್ಲ’ ಅಂತ ನೀವು ಕೇಳಬಹುದು. ಕರೆಯಲಿಲ್ಲ. ಅತ್ತೆ ಏನಂದುಕೊಳ್ಳುತ್ತಾರೋ ಅಂತ ಅಂಜಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳದಿದ್ದರೆ ಬೇರೆಯವರ ಮೇಲೆ ಕೂಗಾಡುವ ಹಕ್ಕು ನನಗೆಲ್ಲಿಂದ ಬರಬೇಕು?

ಆ ವರ್ಷವೇ ಸೊಪ್ಪಿನಕ್ಕ ಜ್ವರ, ಕಿಬ್ಬೊಟ್ಟೆ ನೋವು ಅಂತ ಹಾಸನದ ಆಸ್ಪತ್ರೆ ಸೇರಿದಳು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ವಾರ ಬಿಟ್ಟು ಬಂದು ಕೂತಳು, ಮುಖ ಇಷ್ಟೇ ಇಷ್ಟಾಗಿತ್ತು. “ನೀರು ಜಾಸ್ತಿ ಕುಡೀಬೇಕಂತೆ, ತಡಕಂಡು ಕೂರಬಾರದಂತೆ. ಇನ್ನೊಂದ್ಸಲ ಇಂಗಾದ್ರೆ ಕಿಡ್ನಿ ಓಗ್ಬುಡ್ತದೆ ಅಂದ್ರು ಡಾಕ್ಟ್ರು” ಅಂತ ನಗುತ್ತಲೇ ಹೇಳಿದಳು. ಅವಳು ನಕ್ಕಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ನಾನು ಈ ಊರಿನ ಪುರಸಭೆ ಸದಸ್ಯೆ. ಇಷ್ಟೂ ಮಾಡಿಸಲಾಗದಿದ್ದರೆ ಆ ಕುರ್ಚಿ ಯಾಕೆ?

ಊರಿಗೆ ಬರುವ ಅನುದಾನದಲ್ಲಿ ಯಾವ ಕಾಮಗಾರಿ ಮೊದಲು, ಯಾವುದು ಆಮೇಲೆ ಅಂತ ವರ್ಷಕ್ಕೊಮ್ಮೆ ತೀರ್ಮಾನ ಮಾಡುವ ಸಭೆ ಇರುತ್ತದೆ. ಕ್ರಿಯಾಯೋಜನೆ ಸಭೆ ಅನ್ನುತ್ತಾರೆ. ಆಗಷ್ಟೇ ವರ್ಗವಾಗಿ ಬಂದಿದ್ದ ಎಂಜಿನಿಯರು ಎರಡು ತಿಂಗಳು ಊರೆಲ್ಲ ನಡೆದು, ಕಂಡಕಂಡವರನ್ನು ಕೇಳಿ ಒಂದು ಪಟ್ಟಿ ಮಾಡಿದ್ದರು. ಮೊದಲನೆಯ ಸಾಲೇ ಸಂತೆ ಮೈದಾನದ ಮಹಿಳಾ ಶೌಚಾಲಯ. ಎರಡನೆಯದು ಸೋರುವ ನೀರಿನ ಟ್ಯಾಂಕು. ಮೂರನೆಯದು ಊರ ಕೊಳಚೆಯೆಲ್ಲ ಹರಿಯುವ ದೊಡ್ಡ ಚರಂಡಿ. ಓದಿದಾಗ ನನಗೆ ಕಣ್ಣು ತುಂಬಿತು. ಸರ್ಕಾರಿ ಕಾಗದ ಓದಿ ಕಣ್ಣು ತುಂಬಿಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅಧ್ಯಕ್ಷರು ಪಟ್ಟಿ ಕೈಯಲ್ಲಿ ಹಿಡಿದು “ಭಾಳಾ ಚೆನ್ನಾಗಿ ಮಾಡಿದೀರಿ” ಅಂದರು. ಆಮೇಲೆ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಸದಸ್ಯರೆಲ್ಲ ತಮ್ಮ ತಮ್ಮ ಪ್ರತಿ ಮಡಿಸಿ ಗಾಳಿ ಬೀಸಿಕೊಂಡರು. ಎರಡು ತಿಂಗಳ ನಡಿಗೆಗೆ ಅಷ್ಟೇ ಉಪಯೋಗ.

“ನಮ್ಮಲ್ಲಿ ಒಂದು ಪದ್ಧತಿ ಐತೆ” ಅಂದರು ಅಧ್ಯಕ್ಷರು. “ಬಂದಿದ್ದನ್ನ ವಾರ್ಡಿಗೆ ಸಮಪಾಲು ಮಾಡದು. ಅವರವರ ಪಾಲಲ್ಲಿ ಅವರವರ ಕೆಲ್ಸ ಬರ್ಕೊಡಿ. ಯಾರಿಗೂ ಅನ್ಯಾಯ ಆಗಬಾರ್ದು.” ಎಲ್ಲರೂ ಮೇಜು ಕುಟ್ಟಿದರು.

ಅನ್ಯಾಯ ಆಗಬಾರದಂತೆ! ಹಳ್ಳಿಯಲ್ಲಿ ಅಣ್ಣತಮ್ಮಂದಿರು ಹಿಸೆಯಾಗುವುದನ್ನು ನೋಡಿದ್ದೇನೆ. ಜಗಲಿಗೆ ಅಡ್ಡಗೋಡೆ ಹಾಕುತ್ತಾರೆ, ಹಿತ್ತಲಿಗೆ ಬೇಲಿ ಹಾಕುತ್ತಾರೆ, ಒರಳುಕಲ್ಲಿಗೂ ಜಗಳವಾಡುತ್ತಾರೆ. ಆದರೆ ಬಾವಿಯನ್ನು ಮಾತ್ರ ಪಾಲು ಮಾಡುವುದಿಲ್ಲ, ಇಬ್ಬರೂ ಸೇದಿಕೊಳ್ಳಲಿ ಅಂತ ಬಿಡುತ್ತಾರೆ. ಕಚ್ಚಾಡುವ ಅಣ್ಣತಮ್ಮಂದಿರಿಗೆ ಇರುವಷ್ಟು ಬುದ್ಧಿ ನಮ್ಮ ಸಭೆಗೆ ಇರಲಿಲ್ಲ. ಟ್ಯಾಂಕು ಯಾವ ವಾರ್ಡಿನದು? ಎಲ್ಲರದು, ಅಂದರೆ ಯಾರದೂ ಅಲ್ಲ. ದೊಡ್ಡ ಚರಂಡಿ ಐದಾರು ವಾರ್ಡು ದಾಟುತ್ತದೆ, ಯಾರ ಪಾಲಿಗೂ ಸೇರದು. ಸಂತೆ ಮೈದಾನದಲ್ಲಿ ಕೂರುವ ಹೆಂಗಸರಿಗೆ ಊರಲ್ಲಿ ಓಟೇ ಇಲ್ಲ. ಪಾಲು ಮಾಡಿಕೊಂಡ ದುಡ್ಡಲ್ಲಿ ಏನೇನಾಯಿತು ಅಂದರೆ, ಒಬ್ಬರ ಬೀದಿಗೆ ಸ್ವಾಗತ ಕಮಾನು ಎದ್ದಿತು, ಇನ್ನೊಬ್ಬರ ಬೀದಿಯಲ್ಲಿ ಗಟ್ಟಿಮುಟ್ಟಾಗಿದ್ದ ಸಿಮೆಂಟು ರಸ್ತೆಯ ಮೇಲೆ ಬಣ್ಣದ ಇಟ್ಟಿಗೆ ಹಾಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ನಾನು ಎದ್ದು ನಿಂತು, “ನಮ್ಮ ವಾರ್ಡಿನ ಪೂರ್ತಿ ಪಾಲು ಸಂತೆ ಶೌಚಾಲಯಕ್ಕೆ ಬರ್ಕೊಳ್ಳಿ” ಅಂದೆ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ನಮ್ಮ ಬೀದಿಯ ಮೋರಿ ಕಟ್ಟಿಕೊಂಡು ವರ್ಷವಾಗಿತ್ತು, ಅದನ್ನು ಮಾಡಿಸುತ್ತೇನೆ ಅಂತ ಮಾತು ಕೊಟ್ಟೇ ನಾನು ಓಟು ಕೇಳಿದ್ದು. ಅತ್ತೆ ಬಾಗಿಲಲ್ಲೇ ಕಾದಿದ್ದರು. “ಊರಿಗೆ ಉಪಕಾರಿ, ಮನೆಗೆ ಮಾರಿ. ನಾವು ಮೂಗು ಮುಚ್ಕೊಂಡು ಉಣ್ಬೇಕು, ನೀನು ಯಾವೂರಿನೋರಿಗೋ ಕಕ್ಕಸು ಕಟ್ಟಿಸ್ಬೇಕು!” ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನಮ್ಮ ಮೋರಿಯೂ ನಾರುತ್ತಲೇ ಇತ್ತು. ಒಂದು ವಾರ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದೆ. ಆದರೆ ಸೊಪ್ಪಿನಕ್ಕನಿಗೆ “ಈ ವರ್ಷ ಆಗುತ್ತೆ ಅಕ್ಕ” ಅಂತ ಹೇಳಿಬಿಟ್ಟಿದ್ದೆ. ಅವಳು ಇಡೀ ಸಾಲಿಗೆ ಸಾರಿಕೊಂಡು ಬಂದು, ನನಗೆ ದುಡ್ಡು ತೆಗೆದುಕೊಳ್ಳದೆ ಎರಡು ಕಟ್ಟು ದಂಟು ಕೊಟ್ಟಳು.

ಮುಂದಿನ ಸಭೆಗೆ ಎಂಜಿನಿಯರು ನಕ್ಷೆ ತಂದರು. ಮೈದಾನದ ಮೂಲೆಯಲ್ಲಿ, ಹೆಂಗಸರು ಕೂರುವ ಸಾಲಿನಿಂದ ಹತ್ತು ಹೆಜ್ಜೆಗೆ ಜಾಗ ಗುರುತಿಸಿದ್ದರು. ಆ ಮೂಲೆ ಪಕ್ಕದ ವಾರ್ಡಿಗೆ ಸೇರಿದ್ದು. ಆ ವಾರ್ಡಿನ ಸದಸ್ಯ ಎದ್ದು ನಿಂತ.

“ನನ್ನ ವಾರ್ಡಲ್ಲಿ ಮೇಡಂ ಅವರ ಕೆಲ್ಸ ಎಂಗಾಗುತ್ತೆ ಸ್ವಾಮಿ? ನಾಳೆ ಬೋರ್ಡಲ್ಲಿ ಯಾರ ಹೆಸ್ರು ಹಾಕ್ತೀರಿ? ಅಲ್ಲಿ ಅಂಗಡಿಯೋರೆಲ್ಲ ನಮ್ಮ ಓಟು. ಅವರ ಮುಂದೆ ಕಕ್ಕಸುಮನೆ ಕಟ್ಟಿದ್ರೆ ನನ್ನ ಸುಮ್ನೆ ಬಿಡ್ತಾರಾ?”

“ನಿಮ್ಮ ಹೆಸರೇ ಹಾಕಿಸ್ಕೊಳ್ಳಿ, ನನಗೆ ಬೇಡ” ಅಂದೆ.

“ಬ್ಯಾಡವೇ ಬ್ಯಾಡ!” ಅಂದ. “ಕಕ್ಕಸಿಗೆ ನನ್ನ ಹೆಸರಾ?”

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರೂ ನಕ್ಕರು. ಆಮೇಲೆ ದೊಡ್ಡ ಮನುಷ್ಯರ ದನಿಯಲ್ಲಿ ತೀರ್ಮಾನ ಕೊಟ್ಟರು. “ಇಬ್ಬರಿಗೂ ಬೇಜಾರಾಗದು ಬ್ಯಾಡ. ಪಾಲು ಯಾರ್ದೋ ಕೆಲ್ಸ ಅವರ ವಾರ್ಡಲ್ಲೇ ಆಗ್ಲಿ. ಮೇಡಂ ಅವರ ವಾರ್ಡಲ್ಲಿ ಪಾರ್ಕಿನ ಪಕ್ಕ ಜಾಗ ಐತಲ್ಲ, ಅಲ್ಲಿ ಕಟ್ಟನ. ಸಂತೆಯಿಂದ ಏನು, ಐದು ನಿಮಿಷದ ದಾರಿ. ಇವತ್ತು ಒಪ್ಪದೇ ಇದ್ರೆ ದುಡ್ಡು ವಾಪಸ್ಸೋಯ್ತದೆ, ಆಮೇಲೆ ನನ್ನ ಕೇಳ್ಬ್ಯಾಡಿ.”

ಎಂಜಿನಿಯರು ನನ್ನ ಮುಖ ನೋಡಿದರು. ಸಣ್ಣಗೆ ತಲೆ ಅಲ್ಲಾಡಿಸಿದರು, ಬೇಡ ಅನ್ನುವ ಹಾಗೆ. ನಾನು ಅದನ್ನು ಕಂಡೆ. ಕಂಡೂ ಕೈ ಎತ್ತಿದೆ.

ಏನೂ ಇಲ್ಲದ್ದಕ್ಕಿಂತ ಇದಾದರೂ ಆಗಲಿ ಅನ್ನಿಸಿತು ನನಗೆ. ಐದು ನಿಮಿಷವೇ ತಾನೇ? ನಾನೇ ದಿನಕ್ಕೆ ಎರಡು ಸಲ ಅದೇ ದಾರಿಯಲ್ಲಿ ಮನೆಗೆ ಹೋಗಿ ಬರುವವಳು. ನಾನು ಹೋದಾಗ ಗಲ್ಲಾದ ಹತ್ತಿರ ನನ್ನ ಗಂಡ ಕೂತಿರುತ್ತಾರೆ, ಪಕ್ಕದವರೂ ಅವರವರ ಗಿರಾಕಿಯಲ್ಲಿ ಮುಳುಗಿರುವಾಗ ಈ ಹೆಂಗಸರ ಬುಟ್ಟಿ ಕಾಯಲು ಯಾರೂ ಇಲ್ಲ ಅನ್ನುವುದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಇಷ್ಟು ದೊಡ್ಡ ತಪ್ಪು ಇಷ್ಟು ಸಣ್ಣ ಮರೆವಿನಿಂದ ಆಯಿತು.

ಕಟ್ಟಡ ಚೆನ್ನಾಗಿಯೇ ಆಯಿತು. ನೆಲಕ್ಕೆ ಟೈಲ್ಸು, ಮೇಲೆ ನೀರಿನ ಟ್ಯಾಂಕು, ಗೋಡೆಯ ಮೇಲೆ ಹೆಂಗಸಿನ ಚಿತ್ರ, ಬಾಗಿಲ ಪಕ್ಕ ಕಪ್ಪು ಕಲ್ಲಿನಲ್ಲಿ ನನ್ನ ಹೆಸರು. ಉದ್ಘಾಟನೆಗೆ ಬಂದವರು ಟೇಪು ಕತ್ತರಿಸಿ, ಬೂಂದಿ ತಿಂದು, ಫೋಟೋ ಹೊಡೆಸಿಕೊಂಡು ಹೋದರು. ಅವತ್ತಿನಿಂದ ಅಲ್ಲಿಗೆ ಹೋಗುವವರು ಯಾರು? ನಮ್ಮ ವಾರ್ಡಿನ ಹೆಂಗಸರಿಗೆಲ್ಲ ಅವರವರ ಮನೆಯಲ್ಲೇ ಇದೆ.

ಸೊಪ್ಪಿನಕ್ಕ ಒಂದೇ ಒಂದು ದಿನ ಹೋದಳು. ನಾನೇ ಬಲವಂತ ಮಾಡಿ ಕಳಿಸಿದೆ, ಸೊಪ್ಪು ನಾನು ನೋಡಿಕೊಳ್ಳುತ್ತೇನೆ ಅಂದೆ. ಆ ಹೊತ್ತಿಗೆ ಸರಿಯಾಗಿ ಅಂಗಡಿಗೆ ಗಿರಾಕಿ ಬಂದರು. ಸೀರೆಗೆ ಹೊಂದುವ ಫಾಲ್ಸು ಹುಡುಕಿ ಕೊಟ್ಟು ತಿರುಗಿ ನೋಡುವಷ್ಟರಲ್ಲಿ ಹಸುವೊಂದು ಅರ್ಧ ಬುಟ್ಟಿ ಸಬ್ಬಸಿಗೆ ಮುಗಿಸಿತ್ತು. ಅವಳು ಬಂದು ಬುಟ್ಟಿ ನೋಡಿದಳು. ಬೈಯಲಿಲ್ಲ. ಉಳಿದ ಕಟ್ಟುಗಳಿಗೆ ನೀರು ಚಿಮುಕಿಸುತ್ತ, “ಚೆಂದಾಗೈತೆ ಕಣಕ್ಕ, ನಮ್ಮನೆಗಿಂತ ಚೆಂದಾಗೈತೆ” ಅಂದಳು. ಹಸು ತಿಂದ ಸೊಪ್ಪಿನ ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಹೋಗಲಿಲ್ಲ. ಸಾಲಿನ ಬೇರೆ ಯಾರೂ ಹೋಗಲಿಲ್ಲ.

ಬಿಡಬಾರದು ಅಂತ ಮರುವರ್ಷ ಮತ್ತೆ ಪ್ರಯತ್ನಿಸಿದೆ. ಈ ಸಲ ಸರಿಯಾದ ಜಾಗದಲ್ಲೇ, ಮೈದಾನದ ಮೂಲೆಯಲ್ಲೇ ಆಗಬೇಕು, ಯಾರು ನಕ್ಕರೂ ಜಗ್ಗುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿ, ಮೂವರು ಸದಸ್ಯೆಯರನ್ನು ಮನೆಮನೆಗೆ ಹೋಗಿ ಒಪ್ಪಿಸಿದೆ. ಸಭೆಗೆ ಹೊರಟಾಗ ಸೊಪ್ಪಿನಕ್ಕ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿ, “ಇವತ್ತೇ ಅಲ್ವಾ ಅಕ್ಕ ಮೀಟಿಂಗು? ನಾವೆಲ್ಲ ನಿನ್ ದಾರಿ ಕಾಯ್ತಿರ್ತೀವಿ” ಅಂದಳು. ಹಿಂದಿನ ವಾರ ಅವಳಿಗೆ ಮತ್ತೆ ಜ್ವರ ಬಂದು ಹೋಗಿತ್ತು.

ನಾನು ಕಾಮಗಾರಿಯ ಹೆಸರು ಹೇಳಿದ ತಕ್ಷಣ ಗುಮಾಸ್ತರು ಪುಸ್ತಕ ತಿರುವಿ ಓದಿದರು. “ಸಂತೆ ಮೈದಾನದ ಮಹಿಳಾ ಶೌಚಾಲಯ. ಪೂರ್ಣಗೊಂಡಿದೆ.”

“ಅದು ಸಂತೆ ಮೈದಾನದಲ್ಲಿಲ್ಲ. ನಮ್ಮ ಪಾರ್ಕಿನ ಪಕ್ಕದಲ್ಲಿದೆ” ಅಂದೆ.

“ಜಾಗ ಬದಲಾಯ್ತು ಮೇಡಂ, ಕಾಮಗಾರಿ ಹೆಸರು ಅದೇ. ಒಂದೇ ಕೆಲಸಕ್ಕೆ ಎರಡು ಸಲ ಅನುದಾನ ಇಡೋಕಾಗಲ್ಲ. ಇಟ್ಟರೆ ನಾವು ಉತ್ತರ ಹೇಳಬೇಕಾಗುತ್ತೆ.” ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. “ನೋಡಿ, ಸೂಚಕರು ನೀವೇ.”

ನನ್ನ ಸಹಿ ನೋಡಿದೆ. ಮತಕ್ಕೇ ಹಾಕದ ಮೇಲೆ ನಾನು ಒಪ್ಪಿಸಿದ್ದ ಮೂವರು ಕೈ ಎತ್ತುವ ಮಾತೇ ಇರಲಿಲ್ಲ. ಮೇಜು ಕುಟ್ಟಿದೆ, ಕೂಗಾಡಿದೆ, ನಾಚಿಕೆಯಾಗಲ್ವಾ ನಿಮಗೆ ಅಂತ ಅಧ್ಯಕ್ಷರನ್ನು ಕೇಳಿದೆ. ಎಲ್ಲರೂ ಸುಮ್ಮನೆ ಕೇಳಿಸಿಕೊಂಡರು. ಒಬ್ಬ ಹೆಂಗಸು ಕೂಗಿ ಸುಸ್ತಾಗುವವರೆಗೆ ಹೇಗೆ ಕಾಯಬೇಕು ಅಂತ ಅವರಿಗೆ ಗೊತ್ತಿತ್ತು. ಎಂಜಿನಿಯರಿಗೆ ಆ ವೇಳೆಗಾಗಲೇ ವರ್ಗವಾಗಿತ್ತು. ನಾನು ಕೂತ ಮೇಲೆ ಮುಂದಿನ ವಾರ್ಡಿನ ಕಮಾನು ಓದಿದರು.

ವಾಪಸ್ಸು ಬಂದಾಗ ಸಾಲಿನವರೆಲ್ಲ ತಲೆ ಎತ್ತಿ ನೋಡಿದರು. ಸೊಪ್ಪಿನಕ್ಕ ಎದ್ದೇ ನಿಂತಳು.

“ಏನಾತಕ್ಕ?”

“ಆಗಲೇ ಆಗಿದೆಯಂತೆ ಅಕ್ಕ. ಸಂತೆಗೆ ಶೌಚಾಲಯ ಕಟ್ಟಿ ಆಗಿದೆ ಅಂತ ಪುಸ್ತಕದಲ್ಲಿ ಬರೆದುಬಿಟ್ಟಿದ್ದಾರೆ. ಇನ್ನೊಂದು ಕೊಡಲ್ವಂತೆ.”

ಅವಳು ಮೈದಾನದ ಖಾಲಿ ಮೂಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬುಟ್ಟಿಯ ಮುಂದೆ ಕೂತಳು.

“ಅಂಗಾದ್ರೆ ಇನ್ ಮ್ಯಾಲೆ ಕೇಳಂಗೂ ಇಲ್ಲ ಅನ್ನಕ್ಕ” ಅಂದಳು.