ರುದ್ರಮ್ಮನವರ ಕಿವಿ ಮತ್ತು ನನ್ನ ಕೆಂಪು-ಬಿಳಿ ತಂತಿ

ರುದ್ರಮ್ಮನವರ ಕಿವಿ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಕೆಲಸ. ಅದನ್ನು ಮುಚ್ಚಿಕೊಳ್ಳಲು ಹತ್ತು ಜನರ ಮುಂದೆ ನಾನು ತಪ್ಪನ್ನು ಅವರ ಕಿವಿಯ ಮೇಲೆ ಹೊರಿಸಿದೆ. ಆಮೇಲೆ ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ವಿಷಯ ಇಷ್ಟೇ — ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾನು ಇಷ್ಟು ಕಡಿಮೆ ಮಾತಾಡಿದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ.

ನನ್ನ ಹೆಸರು ಲೋಕೇಶ. ತರೀಕೆರೆಯಲ್ಲಿ ಒಂದು ಸಣ್ಣ ಅಂಗಡಿ ಇದೆ, ಮನೆಗಳಿಗೆ ಹೋಮ್ ಥಿಯೇಟರ್ ಕೂರಿಸಿ ಕೊಡುವುದು ಕಸುಬು. ಅತ್ತ ಕಡೂರು, ಇತ್ತ ಅಜ್ಜಂಪುರ, ಎಲ್ಲ ಕಡೆಯೂ ‘ಸೌಂಡ್ ಲೋಕೇಶ’ ಎಂದರೆ ಜನಕ್ಕೆ ಗೊತ್ತು. ಆ ಹೆಸರಿನ ಮೇಲೆ ನನಗೆ ಬಹಳ ಪ್ರೀತಿ — ಈ ಕಥೆಯಲ್ಲಿ ನನ್ನನ್ನು ಕೆಡಿಸಿದ್ದೂ ಆ ಪ್ರೀತಿಯೇ.

ಎಲ್ಲರೂ ಫೋನಿನಲ್ಲೇ ಸಿನಿಮಾ ನೋಡಿ ಮುಗಿಸುವ ಈ ಕಾಲದಲ್ಲೂ ನನಗೆ ಬ್ಲೂ-ರೇ ಡಿಸ್ಕ್ ಎಂದರೆ ಪ್ರಾಣ. ನೆಟ್‌ನಲ್ಲಿ ಬರುವ ಸದ್ದನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತಾರೆ. ಒಳ್ಳೆಯ ಡಿಸ್ಕಿನಲ್ಲಿ ಹಾಗಲ್ಲ, ಸ್ಟುಡಿಯೋದಲ್ಲಿ ಇದ್ದ ಸದ್ದು ಒಂದು ಚೂರೂ ಕಳೆಯದೆ ಬರುತ್ತದೆ. ಅದೂ ಬೇರೆ ಬೇರೆ ದಾರಿಯಲ್ಲಿ. ಮಾತು ನಡುವಿನ ಸ್ಪೀಕರಿನಿಂದ, ಎಡಬಲದ್ದು ಎಡಬಲದಿಂದ, ಬೆನ್ನ ಹಿಂದಿನದು ಬೆನ್ನ ಹಿಂದಿನಿಂದ, ಗುಡುಗಿಗೆ ಪ್ರತ್ಯೇಕವಾಗಿ ಒಂದು ದೊಡ್ಡ ಡಬ್ಬ. ಇದಕ್ಕೆ ಫೈವ್ ಪಾಯಿಂಟ್ ಒನ್ ಎನ್ನುತ್ತಾರೆ. ಹಿಂದೆ ಇನ್ನೆರಡು ಸೇರಿಸಿದರೆ ಸೆವೆನ್ ಪಾಯಿಂಟ್ ಒನ್. ಈಚೆಗೆ ತಲೆಯ ಮೇಲಿಂದಲೂ ಸದ್ದು ಸುರಿಯುವ ಪದ್ಧತಿ ಬಂದಿದೆ. ಸರಿಯಾಗಿ ಕೂರಿಸಿದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತರೆ, ಎಲ್ಲಿ ಕೂತಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ. ಹದಿನೈದು ವರ್ಷದಿಂದ ಇದೇ ಕೆಲಸ, ಈಗಲೂ ಮೊದಲ ಸದ್ದಿಗೆ ಮೈ ಜುಮ್ಮೆನ್ನುತ್ತದೆ.

ಈ ಹುಚ್ಚನ್ನು ಹಂಚಿಕೊಂಡವರು ಪರಮೇಶಣ್ಣ. ಅಜ್ಜಂಪುರದಿಂದ ಬುಕ್ಕಾಂಬುಧಿಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ, ಸುತ್ತ ತೆಂಗಿನ ತೋಟ. ಮೂರು ವರ್ಷದ ಹಿಂದೆ ಮಹಡಿಯ ಕೋಣೆಯಲ್ಲಿ ಸೆವೆನ್ ಪಾಯಿಂಟ್ ಒನ್ ಕೂರಿಸಲು ನನ್ನನ್ನು ಕರೆದರು. ರುದ್ರಮ್ಮನವರು ಅವರ ತಾಯಿ. ಎಪ್ಪತ್ತರ ಆಸುಪಾಸು, ಸಣ್ಣ ದೇಹ, ಹಣೆಯ ತುಂಬ ವಿಭೂತಿ.

ಅವರ ಕಿವಿಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಕೊಬ್ಬರಿ ಮಾಡುವವರು ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಒಟ್ಟಿ, ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ — ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಅವಸರಪಟ್ಟು ಸುಲಿದರೆ ಉಂಡೆ ಒಡೆದು ಚೂರಾಗುತ್ತದೆ. ಆ ಮನೆಯಲ್ಲಿ ನಲವತ್ತು ವರ್ಷದಿಂದ ಕಾಯಿ ಅಲ್ಲಾಡಿಸಿ ತೀರ್ಪು ಹೇಳುತ್ತಿದ್ದವರು ರುದ್ರಮ್ಮ. ಒಮ್ಮೆ ಅಲ್ಲಾಡಿಸಿದರೆ ಮುಗಿಯಿತು, ಇದು ಆಗಿದೆ, ಇದಕ್ಕೆ ಇನ್ನೊಂದು ತಿಂಗಳು, ಇದು ಕೆಟ್ಟಿದೆ. ಅಕ್ಕಪಕ್ಕದ ಮನೆಯವರೂ ಕಾಯಿ ಹಿಡಿದುಕೊಂಡು ಅವರ ಹತ್ತಿರ ಬರುತ್ತಿದ್ದರಂತೆ.

ಇದೆಲ್ಲ ನನಗೆ ಆವತ್ತು ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಳ್ಳು ಹೇಳುತ್ತಿರಲಿಲ್ಲವೇ — ಹೇಳುತ್ತಿದ್ದೆ ಅನಿಸುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಮೊದಲ ಸಿನಿಮಾ. ಪರಮೇಶಣ್ಣ ಊರಿನ ಹತ್ತು ಜನರನ್ನು ಕರೆದಿದ್ದರು. ಅವರ ಹೆಂಡತಿ ಕವಿತಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಪರಾತ ತುಂಬಿಸಿದ್ದರು. ನಾನು ಎಲ್ಲ ಸ್ಪೀಕರ್ ಕಟ್ಟಿ, ಚೀಲಕ್ಕೆ ಕೈ ಹಾಕಿದೆ. ಎಚ್‌ಡಿಎಂಐ ತಂತಿ ಎರಡು ಬೇಕು, ಚಿತ್ರವನ್ನೂ ಎಲ್ಲ ದಾರಿಯ ಸದ್ದನ್ನೂ ಒಯ್ಯುವುದು ಅದೇ — ಪ್ಲೇಯರಿನಿಂದ ಸ್ಪೀಕರುಗಳಿಗೆ ಸದ್ದು ಹಂಚುವ ಸೌಂಡ್ ಯಂತ್ರಕ್ಕೆ ಒಂದು, ಅಲ್ಲಿಂದ ಟಿವಿಗೆ ಇನ್ನೊಂದು. ಚೀಲದಲ್ಲಿ ಇದ್ದದ್ದು ಒಂದೇ. ಇನ್ನೊಂದು ತರೀಕೆರೆಯ ಅಂಗಡಿಯ ಮೇಜಿನ ಮೇಲೆ ಆರಾಮಾಗಿ ಮಲಗಿತ್ತು.

‘ತಂತಿ ಮರೆತು ಬಂದಿದ್ದೇನೆ, ನಾಳೆ ತರುತ್ತೇನೆ’ ಎಂದಿದ್ದರೆ ಮುಗಿಯುತ್ತಿತ್ತು. ಪರಮೇಶಣ್ಣ ಇನ್ನೊಂದು ತಟ್ಟೆ ಬಜ್ಜಿ ಕೊಟ್ಟು ಕಳಿಸುತ್ತಿದ್ದರು. ಆದರೆ ಹತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು — ಸೌಂಡ್ ಲೋಕೇಶ ತಂತಿ ಮರೆತ ಎಂದು ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿಕೊಂಡರೆ...

ಇದ್ದ ಒಂದು ತಂತಿಯನ್ನು ಪ್ಲೇಯರಿನಿಂದ ನೇರವಾಗಿ ಟಿವಿಗೆ ಹಾಕಿದೆ. ಸದ್ದಿಗೆ ಹಳೆಯ ಕೆಂಪು-ಬಿಳಿ ತಂತಿ ಸಿಕ್ಕಿಸಿದೆ. ಅದರಲ್ಲಿ ಹೋಗುವುದು ಎರಡೇ ದಾರಿಯ ಸದ್ದು, ಎಡ ಮತ್ತು ಬಲ, ಸ್ಟೀರಿಯೊ ಎನ್ನುವುದು ಇದಕ್ಕೇ. ಡಿಸ್ಕಿನ ಸುತ್ತುವ ಸದ್ದೆಲ್ಲ ಅಲ್ಲೇ ಸತ್ತಿತು. ಆದರೆ ಯಂತ್ರದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಅದೇ ಸದ್ದನ್ನು ಎಲ್ಲ ಸ್ಪೀಕರಿಗೂ ಹಂಚಿಬಿಡುತ್ತದೆ. ಒತ್ತಿದೆ. ಕೋಣೆ ಗುಡುಗಿತು. ಕಿಟಕಿಯ ಗಾಜು ನಡುಗಿತು. ಜನ ಚಪ್ಪಾಳೆ ತಟ್ಟಿದರು. ನಾನೂ ಸ್ವಲ್ಪ ತಟ್ಟಿದೆ, ಮಾನಗೆಟ್ಟವನು.

ಅರ್ಧ ಗಂಟೆಯ ಮೇಲೆ ಮೂಲೆಯ ಕುರ್ಚಿಯಿಂದ ರುದ್ರಮ್ಮನವರ ದನಿ ಬಂತು.

“ಅಲ್ಲ ಕಣಪ್ಪ, ಸಿನಿಮಾದಾಗೆ ಬಸ್ಸು ಆ ಕಡಿಂದ ಬಂದು ನಮ್ಮ ಹಿಂದಕ್ಕೆ ಹೋಯ್ತು. ಸದ್ದು ಹೋಗ್ಲೇ ಇಲ್ವಲ್ಲ. ಎಲ್ಲಾ ಡಬ್ಬದಾಗೂ ಒಂದೇ ಸದ್ದು ಬತ್ತೈತೆ.”

ಕೋಣೆಯಲ್ಲಿದ್ದ ಅಷ್ಟೂ ಜನರಲ್ಲಿ ಸತ್ಯ ಕೇಳಿಸಿದ್ದು ಅವರೊಬ್ಬರಿಗೆ. ನಾನು ಏನು ಹೇಳಿದೆ ಎಂಬುದನ್ನು ಅಕ್ಷರ ಬಿಡದೆ ಬರೆಯುತ್ತೇನೆ, ಮೂರು ವರ್ಷ ಅದು ನನ್ನ ತಲೆಯಲ್ಲಿ ಹಾಡಿದೆ.

“ಅಮ್ಮಾ, ಮಿಷಿನ್ನು ಸರಿಯಾಗೈತೆ. ವಯಸ್ಸಾದ ಕಿವಿಗೆ ಹಿಂದಿನ ಸದ್ದು ಬೇರೆಯಾಗಿ ಕೇಳ್ಸಲ್ಲ. ನಿಮ್ಮ ಕಿವಿ ಹೋಗ್ತಾ ಐತೆ, ಅಷ್ಟೇ.”

ಎಲ್ಲರೂ ನಕ್ಕರು. ರುದ್ರಮ್ಮನವರೂ ನಕ್ಕರು. ನಗುತ್ತಲೇ ಬಲಗಿವಿಯನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಆ ಕೈ ನನಗೆ ಕಂಡಿತು, ನಾನು ಬಜ್ಜಿಯ ಕಡೆ ತಿರುಗಿದೆ.

ಮಾರನೆಯ ದಿನ ತಂತಿ ತೆಗೆದುಕೊಂಡು ಹೋಗಬೇಕು ಎಂದುಕೊಂಡೆ. ಅಷ್ಟರಲ್ಲಿ ಆ ಹತ್ತು ಜನರಲ್ಲಿ ಇಬ್ಬರು ತಮ್ಮ ಮನೆಗೂ ಬೇಕು ಎಂದು ಫೋನ್ ಮಾಡಿದರು. ಹೊಗಳಿಸಿಕೊಂಡ ಮೇಲೆ ಹೋಗಿ ತಿದ್ದುವುದು ಹೇಗೆ — ಈ ವಾರ, ಮುಂದಿನ ವಾರ... ತಂತಿ ಮೇಜಿನಿಂದ ಡ್ರಾಯರಿಗೆ ಹೋಯಿತು. ಪರಮೇಶಣ್ಣನಿಗೆ ಏನೂ ಗೊತ್ತಾಗಲಿಲ್ಲ. ಯಂತ್ರದ ಮೂತಿಯ ಮೇಲೆ ‘ಸ್ಟೀರಿಯೊ’ ಎಂದು ಇಂಗ್ಲಿಷಿನಲ್ಲಿ ನನ್ನ ತಪ್ಪು ಮೂರು ವರ್ಷ ಮಿನುಗುತ್ತಲೇ ಇತ್ತು. ಅದೇನೋ ದೊಡ್ಡ ಪದವಿ ಎಂದು ಅವರು ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರಂತೆ.

ಹೋದ ತಿಂಗಳು ಅವರ ಫೋನು ಬಂತು. ಇಲಿ ಒಂದು ಸ್ಪೀಕರಿನ ತಂತಿ ಕಡಿದಿತ್ತು. ಆ ಇಲಿಗೆ ನಾನು ಋಣಿ. ಡ್ರಾಯರಿನ ತಂತಿಯನ್ನೂ ಚೀಲಕ್ಕೆ ಹಾಕಿಕೊಂಡೆ — ಯಾರಿಗೂ ಹೇಳದೆ ಸರಿಮಾಡಿ ಬಂದುಬಿಡೋಣ ಎಂಬ ಕಳ್ಳ ಬುದ್ಧಿ.

ಅಂಗಳದಲ್ಲಿ ಕವಿತಕ್ಕ ಕಾಯಿ ಅಲ್ಲಾಡಿಸುತ್ತಿದ್ದರು, ಹಣೆಯಲ್ಲಿ ಬೆವರು. ರುದ್ರಮ್ಮ ದೂರದಲ್ಲಿ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದರು. ಸುಲಿದ ರಾಶಿಯಲ್ಲಿ ಒಡೆದದ್ದೇ ಹೆಚ್ಚು.

“ಮೂರ್ ವರ್ಷದಿಂದ ಒಡೆದಿದ್ರಾಗೆ ಮಾಡಿದ ಕೊಬ್ರಿ ಮಿಠಾಯಿ ತಿಂದೂ ತಿಂದೂ ಬಾಯಿ ಕೆಟ್ಟೋಗೈತೆ ಕಣಣ್ಣ,” ಎಂದರು ಕವಿತಕ್ಕ. “ಅತ್ತೆ ಕಾಯಿ ಮುಟ್ಟಲ್ಲ ಅಂತಾರೆ. ನನಗೆ ಎಲ್ಲಾ ಒಂದೇ ತರ ಕೇಳ್ತೈತೆ.”

ನಾನು ಜಗುಲಿಯ ಹತ್ತಿರ ಹೋಗಿ ಯಾಕಮ್ಮ ಎಂದು ಕೇಳಿದೆ. ಅವರ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ.

“ನನ್ನ ಕಿವಿ ಹೋತಲ್ಲಪ್ಪ, ನೀನೇ ಮೊದ್ಲು ಕಂಡುಹಿಡಿದಿದ್ದು. ಪುಣ್ಯ ಬರ್ಲಿ ನಿಂಗೆ. ಇಲ್ದಿದ್ರೆ ಎಷ್ಟು ಕಾಯಿ ಹಾಳ್ಮಾಡಿರ್ತಿದ್ನೋ. ಫೋನ್‌ನಾಗೂ ಮಾತಾಡಲ್ಲ ಈಗ. ಕಡೂರಿಂದ ಅಕ್ಕ ಮಾಡಿದ್ರೆ ಕವಿತನ ಕೈಗೆ ಕೊಟ್ಬಿಡ್ತೀನಿ. ಏನೋ ಅಂದಿದ್ದು ಇನ್ನೇನೋ ಕೇಳ್ಸಿ, ಸುಮ್ನೆ ಯಾಕೆ.”

ಪುಣ್ಯ ಬರಲಿ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲ ಎತ್ತಿಕೊಂಡು ಮಹಡಿ ಹತ್ತಿದೆ.

ಇಲಿ ಕಡಿದ ತಂತಿ ಸರಿಮಾಡಿ, ಕೆಂಪು-ಬಿಳಿ ತಂತಿ ಕಿತ್ತೆ. ಎಚ್‌ಡಿಎಂಐ ಎರಡೂ ಹಾಕಿದೆ. ಡಿಸ್ಕಿನ ಸದ್ದು ಇದ್ದದ್ದು ಇದ್ದಹಾಗೇ ಯಂತ್ರಕ್ಕೆ ಹೋಗುವಂತೆ ಪ್ಲೇಯರಿನ ಸೆಟ್ಟಿಂಗ್ ಬದಲಿಸಿದೆ. ಯಂತ್ರದ ಮೇಲಿನ ‘ಸ್ಟೀರಿಯೊ’ ಹೋಗಿ ಸೆವೆನ್ ಪಾಯಿಂಟ್ ಒನ್ ಎಂದು ಬೆಳಗಿತು. ರುದ್ರಮ್ಮನವರನ್ನು ಬಲವಂತ ಮಾಡಿ ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಬಳಿ ಒಂದು ಕಾಡಿನ ಡಿಸ್ಕ್ ಇದೆ, ಅದರಲ್ಲಿ ಒಂದು ಜೇನುಹುಳು ಕೋಣೆಯನ್ನು ಪೂರ್ತಿ ಒಂದು ಸುತ್ತು ಹಾಕುತ್ತದೆ. ಅದನ್ನು ಹಾಕಿದೆ.

ಹುಳು ಎಡಗಡೆಯಿಂದ ಗುಂಯ್ ಎಂದು ಹೊರಟಿತು. ರುದ್ರಮ್ಮನವರ ತಲೆ ಅದರ ಜೊತೆಗೇ ತಿರುಗಿತು. ಹುಳು ಹಿಂದಕ್ಕೆ ಬಂತು — ಅವರ ಕೈ ಥಟ್ಟನೆ ಮೇಲೆದ್ದು ಕಿವಿಯ ಹಿಂದೆ ಇಲ್ಲದ ಹುಳುವನ್ನು ಓಡಿಸಿತು. ಆಮೇಲೆ ಆ ಕೈಯನ್ನೇ ನೋಡಿಕೊಂಡು ಕೂತರು. ಮೆಲ್ಲಗೆ ನಗು ಬಂತು. ಇನ್ನೊಂದು ಸಲ ಹಾಕು ಎಂದರು. ಐದು ಸಲ ಹಾಕಿಸಿದರು, ಐದೂ ಸಲ ಹುಳು ಓಡಿಸಿದರು, ಐದನೆಯದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಆದ ಸಂತೋಷ ಹೇಳಿ ಮುಗಿಯುವುದಿಲ್ಲ. ನಾಚಿಕೆಯೂ ಅಷ್ಟೇ ಇತ್ತು.

“ಇವತ್ತು ಹಿಂದೆ ಹೋಯ್ತಲ್ಲ,” ಎಂದರು. “ಅವತ್ತು ಯಾಕೆ ಹೋಗ್ಲಿಲ್ಲ?”

ಇಲ್ಲೂ ನಾನು ಜಾರಿದೆ. ಒಪ್ಪಿಕೊಳ್ಳುತ್ತೇನೆ. “ಈಗ ಹೊಸಾ ನಮೂನೆ ತಂತಿ ಬಂದೈತಮ್ಮ,” ಎಂದುಬಿಟ್ಟೆ.

ಅವರು ಎದ್ದರು, ನಾನು ಹಿಂದೆಯೇ ಹೋದೆ. ಅಂಗಳಕ್ಕೆ ಇಳಿದು ಹೋಗಿ, ರಾಶಿಯಿಂದ ಒಂದು ಕಾಯಿ ತೆಗೆದು, ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿದರು. ಮೂರು ವರ್ಷದಲ್ಲಿ ಮೊದಲ ಸಲ. ಆಮೇಲೆ ಅದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.

“ಸೌಂಡ್ ಲೋಕೇಶಪ್ಪ, ಹೇಳು. ಆಗೈತಾ ಇಲ್ವಾ?”

ನನಗೆ ಏನೂ ತಿಳಿಯಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ, “ಆಗೈತೆ” ಎಂದೆ.

“ಆಗಿಲ್ಲ, ಒಂದೆರಡು ಚಮಚ ನೀರೈತೆ ಇದ್ರಾಗೆ,” ಎಂದು ಅವರು ಕಾಯಿಯನ್ನು ಕವಿತಕ್ಕನಿಗೆ ಕೊಟ್ಟರು. ಕವಿತಕ್ಕ ಸುಲಿದು, ಲೋಟದ ಮೇಲೆ ಹಿಡಿದು ಒಡೆದರು. ಲೋಟದ ತಳ ಒದ್ದೆಯಾಯಿತು, ಚಮಚದಲ್ಲಿ ಅಳೆದರೆ ಎರಡೇ. ಕವಿತಕ್ಕ ಒಮ್ಮೆ ಲೋಟವನ್ನು, ಒಮ್ಮೆ ಅತ್ತೆಯನ್ನು ನೋಡಿ, ಒಡೆದ ಕಾಯಿ ಕೆಳಗಿಟ್ಟು ಅತ್ತೆಯನ್ನು ತಬ್ಬಿಕೊಂಡರು.

ನಾನು ಅಲ್ಲೇ ಅಂಗಳದಲ್ಲಿ, ಸಿಪ್ಪೆಯ ನಡುವೆ ನಿಂತು, ಎಲ್ಲ ಹೇಳಿದೆ. ಮರೆತ ತಂತಿ, ಒತ್ತಿದ ಗುಂಡಿ, ಬಾಯಿಗೆ ಬಂದ ಮಾತು. ತೋಟದಿಂದ ಬಂದ ಪರಮೇಶಣ್ಣ ಅರ್ಧದಿಂದ ಕೇಳಿಸಿಕೊಂಡು, “ಥೂ ನಿನ್ನ, ಮೂರ್ ವರ್ಷ ನಾನು ಊರಿಗೆಲ್ಲಾ ಆ ಸ್ಟೀರಿಯೊ ತೋರಿಸ್ದೆನಲ್ಲೋ,” ಎಂದರು. ರುದ್ರಮ್ಮ ಅಂದದ್ದು ಇಷ್ಟು:

“ಹತ್ತು ಜನದ ಮುಂದೆ ಅಂದಿದ್ದೆ. ಹತ್ತು ಜನದ ಮುಂದೇನೇ ವಾಪಸ್ ತಗೋ.”

ಅದಕ್ಕೇ ಇದನ್ನು ಬರೆದಿದ್ದು. ನಾಳೆ ಭಾನುವಾರ. ಅದೇ ಕೋಣೆ, ಅದೇ ಹತ್ತು ಜನ. ಬಜ್ಜಿಗೆ ಹೇಳಿದ್ದಾರಂತೆ. ಬಾಯಲ್ಲಿ ಹೇಳಲು ಹೋದರೆ ನಾನು ನಗಿಸಿ ನಗಿಸಿ ತಪ್ಪನ್ನು ತೇಲಿಸಿಬಿಡುತ್ತೇನೆ ಎಂದು ನನಗೇ ಗೊತ್ತು. ಹಾಗಾಗಿ ಕಾಗದ ನೋಡಿಕೊಂಡು ಓದುತ್ತೇನೆ, ಒಂದು ಸಾಲೂ ಬಿಡದೆ.

ಕಡೂರಿನಿಂದ ರುದ್ರಮ್ಮನವರ ಅಕ್ಕನೂ ಬರುತ್ತಿದ್ದಾರೆ. ತಪ್ಪೊಪ್ಪಿಕೊಂಡ ದಿನ ನಾನು ಹೊರಡುವ ಮೊದಲೇ ರುದ್ರಮ್ಮ ಅವರಿಗೆ ಫೋನು ಹಚ್ಚಿದ್ದರು. “ಅಕ್ಕಾ, ನಾನೇ ಕಣೇ, ಹೂಂ, ಚೆನ್ನಾಗ್ ಕೇಳ್ತೈತೆ,” ಎಂದು ಜಗುಲಿಯ ಉದ್ದಕ್ಕೂ ಓಡಾಡುತ್ತ ಮಾತಾಡಿದರು. ನಾನು ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೇಳಿಸಿಕೊಂಡೆ. ಅಷ್ಟು ಚೆನ್ನಾದ ಸದ್ದನ್ನು ನಾನು ಯಾವ ಡಿಸ್ಕಿನಲ್ಲೂ ಕೇಳಿಲ್ಲ. ಆದರೆ ಮೂರು ವರ್ಷ ಆ ಇಬ್ಬರು ಆಡದೆ ಬಿಟ್ಟ ಮಾತುಗಳು — ಅವನ್ನು ವಾಪಸ್ ತರುವ ತಂತಿ ನನ್ನ ಅಂಗಡಿಯಲ್ಲಿಲ್ಲ.

ಓದಿ ಮುಗಿಸಿದ ಮೇಲೆ ರುದ್ರಮ್ಮನವರು ಎಲ್ಲರ ಎದುರಿಗೆ ಒಂದು ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರಂತೆ. ಆಗಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ನನಗೆ ತಿಳಿಯುವುದಿಲ್ಲ ಅಮ್ಮ ಎಂದು ಹೇಳುತ್ತೇನೆ.